ಅಳತೆಪಟ್ಟಿ ಮೊದಲು, ಚಿತ್ರ ಆಮೇಲೆ

ಪ್ರಶ್ನೆ: ನಾನು ಮೈಸೂರಿನವನು, ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಮೊನ್ನೆ ಇಲ್ಲಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಜನರಲ್ ಡೈನಮಿಕ್ಸ್ ಕಂಪನಿಯ 1955ರ ಪೋಸ್ಟರ್ ಕಂಡೆ. ಸುರುಳಿ ಚಿಪ್ಪಿನ ಬಾಯಿಂದ ಜಲಾಂತರ್ಗಾಮಿಯೊಂದು ಹೊರಗೆ ಬರುತ್ತಿರುವ ಚಿತ್ರ. 24×36 ಇಂಚು, ಫ್ರೇಮ್ ಹಾಕಿದೆ, 900 ಡಾಲರ್ ಹೇಳಿದರು. ಅಸಲಿ ಇರಬಹುದೇ? ಫೋಟೊಗಳನ್ನು ಕಳಿಸಿದ್ದೇನೆ. ಯುರೋಪಿನಿಂದ ವಲಸೆ ಬಂದ ವಿನ್ಯಾಸಕಾರರು ಕಂಪನಿಗಳಿಗಾಗಿ ಮಾಡಿದ ಇಂಥ ಪೋಸ್ಟರ್‌ಗಳನ್ನು ಸಂಗ್ರಹಿಸುವ ಆಸೆ ಹುಟ್ಟಿದೆ. ಎಲ್ಲಿಂದ ಶುರು ಮಾಡಲಿ? ಮುಂದೆ ಮೈಸೂರಿಗೆ ಒಯ್ದರೆ ಅಲ್ಲಿಯ ಹವೆಗೆ ಉಳಿಯುತ್ತವೆಯೇ?

ಉತ್ತರ: ಬೇಸರವಾಗಬಹುದು, ಆದರೂ ಮೊದಲೇ ಹೇಳಿಬಿಡುತ್ತೇನೆ. ಅದು ಅಸಲಿ ಅಲ್ಲ. 900 ಡಾಲರ್ ನಿಮ್ಮ ಜೇಬಿನಲ್ಲೇ ಇರಲಿ.

ಫೋಟೊ ತೆರೆಯುವ ಮುಂಚೆಯೇ ಅನುಮಾನ ಬಂದದ್ದು ನೀವು ಬರೆದ ಅಳತೆ ನೋಡಿ. ಕಂಪನಿ ಆಗ ಹೊರತಂದ ಸರಣಿಯ ಪೋಸ್ಟರ್‌ಗಳು ಸುಮಾರು 37 ಇಂಚು ಅಗಲ, 50 ಇಂಚು ಎತ್ತರ. ನೆಲದ ಮೇಲೆ ನಿಲ್ಲಿಸಿದರೆ ಹತ್ತಿರ ಹತ್ತಿರ ಎದೆಮಟ್ಟಕ್ಕೆ ಬರುತ್ತವೆ. 24×36 ಅಂದರೆ ಇವತ್ತು ಅಂಗಡಿಯಲ್ಲಿ ರೆಡಿಮೇಡ್ ಸಿಗುವ ಫ್ರೇಮಿನ ಅಳತೆ. ಬರೀ ಚಿಕ್ಕದಾಗಿದ್ದರೆ ಇನ್ನೊಂದು ಮಾತು. ಇಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕವೇ ಕೂಡುವುದಿಲ್ಲ. ಅಸಲಿಯನ್ನು 36 ಇಂಚು ಎತ್ತರಕ್ಕೆ ಇಳಿಸಿದರೆ ಅಗಲ ಇಪ್ಪತ್ತಾರೂವರೆ ಇಂಚಿನಷ್ಟು ಬರಬೇಕು. ನಿಮ್ಮದರಲ್ಲಿ 24 ಇದೆ ಅಂದರೆ ಫ್ರೇಮಿಗೆ ಕೂರಿಸಲು ಯಾರೋ ಎರಡೂ ಪಕ್ಕ ಕತ್ತರಿಸಿದ್ದಾರೆ. ನಿಮ್ಮ ಮೊದಲ ಫೋಟೊದಲ್ಲಿ ಚಿಪ್ಪಿನ ಬೆನ್ನು ಅಂಚಿಗೆ ತಾಗಿ ಉಸಿರು ಕಟ್ಟಿದಂತೆ ಕಾಣುವುದು ಅದಕ್ಕೇ.

ಎರಡನೆಯದು, ನೀವು ತುಂಬ ಹತ್ತಿರದಿಂದ ತೆಗೆದ ಮೂರನೇ ಫೋಟೊ. ಬರಿಗಣ್ಣಿಗೆ ಒಂದೇ ಬಣ್ಣ ಅನ್ನಿಸುವ ಜಾಗದಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಸಣ್ಣ ಸಣ್ಣ ಹೂವಿನ ಹಾಗೆ ಗುಂಪುಗೂಡಿವೆ. ಅಕ್ಷರಗಳ ಅಂಚಿನಲ್ಲೂ ಅದೇ ಚುಕ್ಕಿ. ಲಿಥೊದಲ್ಲಿ, ಅಂದರೆ ಇಂಥ ಪೋಸ್ಟರ್‌ಗಳನ್ನು ಒತ್ತುತ್ತಿದ್ದ ಹಳೇ ಅಚ್ಚಿನ ವಿಧಾನದಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು, ಬೇರೆ ಬೇರೆ ಶಾಯಿ. ಬೂದು ಬೇಕಾದರೆ ಬೂದು ಶಾಯಿಯನ್ನೇ ಕಲಸಿ ಒತ್ತುತ್ತಿದ್ದರು. ನಾಲ್ಕು ಬಣ್ಣದ ಚುಕ್ಕಿ ಸೇರಿ ಬೂದು ಆಗಿದೆ ಎಂದರೆ, ಅಚ್ಚಾದ ಪೋಸ್ಟರಿನ ಫೋಟೊ ತೆಗೆದು ಅದನ್ನು ಮತ್ತೆ ಅಚ್ಚು ಹಾಕಿದ್ದಾರೆ ಎಂದರ್ಥ.

ಮೂರನೆಯದು ಇಲ್ಲದ ಸಾಲು. ಅಸಲಿ ಪೋಸ್ಟರಿನಲ್ಲಿ ಅಚ್ಚುಕೂಟದ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ: ಲಿಥೋಸ್ ಆರ್. ಮಾರ್ಸೆನ್ಸ್, ಲೋಸಾನ್. ನಿಮ್ಮದರಲ್ಲಿ ಅದು ಇಲ್ಲ. ಈ ಮೂರರಲ್ಲಿ ಒಂದೊಂದನ್ನೇ ಹಿಡಿದರೆ ಅಂಗಡಿಯವರು ಏನಾದರೂ ಸಬೂಬು ಹೇಳಬಹುದು. ಮೂರೂ ಒಟ್ಟಿಗೆ ಬಂದಾಗ ಮಾತು ಮುಗಿಯಿತು. ಅವರೇ ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಕೊಂಡಾಗ ಅವರೂ ಮೋಸ ಹೋಗಿರಬಹುದು.

ಈಗ ನಿಮ್ಮ ಆಸೆಯ ವಿಷಯ. ನೀವು ಕಣ್ಣು ಹಾಕಿರುವುದು ಒಳ್ಳೇ ಕಡೆಗೇ.

ಆ ಪೋಸ್ಟರ್ ಮಾಡಿದವರು ಎರಿಕ್ ನಿಚೆ. ಹುಟ್ಟಿದ್ದು 1908ರಲ್ಲಿ, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ. ಚಿತ್ರಕಾರ ಪೌಲ್ ಕ್ಲೇ ನಿಚೆ ಕುಟುಂಬದ ಸ್ನೇಹಿತರು. ನಿಚೆ 1934ರಲ್ಲಿ ಅಮೆರಿಕಕ್ಕೆ ಬಂದರು. ಇಪ್ಪತ್ತು ವರ್ಷ ಕಳೆದ ಮೇಲೆ ಜನರಲ್ ಡೈನಮಿಕ್ಸ್‌ನ ಮುಖ್ಯಸ್ಥ ಜಾನ್ ಜೇ ಹಾಪ್ಕಿನ್ಸ್, ನಿಚೆಗೆ ಒಂದು ವಿಚಿತ್ರವಾದ ಕೆಲಸ ಒಪ್ಪಿಸಿದರು. 1955ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಬಳಕೆ ಕುರಿತು ವಿಶ್ವಸಂಸ್ಥೆಯ ಸಮ್ಮೇಳನ ನಡೆಯುವುದಿತ್ತು, ಅಲ್ಲಿ ಕಂಪನಿಯೂ ಕಾಣಿಸಿಕೊಳ್ಳಬೇಕಿತ್ತು. ಹೇಳಿಕೊಳ್ಳುವಂಥ ಮಾಲೂ ಕಂಪನಿಯ ಬಳಿ ಇತ್ತು. ಜಗತ್ತಿನ ಮೊದಲ ಪರಮಾಣು ಜಲಾಂತರ್ಗಾಮಿ ನಾಟಿಲಸ್ ಅವರದೇ ಗ್ರಾಟನ್ ಹಡಗುಕಟ್ಟೆಯಿಂದ 1954ರ ಜನವರಿಯಲ್ಲಿ ನೀರಿಗಿಳಿದಿತ್ತು. ಆದರೆ ಅದು ಸೇನೆಯ ಗುಟ್ಟು. ಒಳಗೇನಿದೆ ಎಂದು ತೋರಿಸುವಂತಿಲ್ಲ. ತೋರಿಸಬಾರದ ವಸ್ತುವಿಗೆ ಜಾಹೀರಾತು ಮಾಡು ಎಂದರೆ ಏನು ಮಾಡುವುದು?

ನಿಚೆ ಹೆಸರನ್ನೇ ಹಿಡಿದುಕೊಂಡರು. ನಾಟಿಲಸ್ ಎಂದರೆ ಜಲಾಂತರ್ಗಾಮಿಯೂ ಹೌದು, ಸುರುಳಿ ಚಿಪ್ಪಿನೊಳಗೆ ಬದುಕುವ ಕಡಲ ಪ್ರಾಣಿಯೂ ಹೌದು. ಆ ಚಿಪ್ಪನ್ನು ಸೀಳಿದರೆ ಒಳಗೆ ಕೋಣೆ ಕೋಣೆಯಾಗಿರುತ್ತದೆ. ಪ್ರಾಣಿ ಬೆಳೆದ ಹಾಗೆ ಹಳೇ ಕೋಣೆ ಮುಚ್ಚಿ ದೊಡ್ಡದಕ್ಕೆ ಸರಿಯುತ್ತದೆ. ಕೋಣೆಗಳಲ್ಲಿ ಗಾಳಿ, ನೀರು ಹೆಚ್ಚು ಕಡಿಮೆ ಮಾಡಿಕೊಂಡು ತೇಲುತ್ತದೆ. ಜಲಾಂತರ್ಗಾಮಿ ಮುಳುಗಿ ಏಳುವುದೂ ಇದೇ ಉಪಾಯದಿಂದ. ಒಂದೇ ಒಂದು ಬೋಲ್ಟು, ಒಂದೇ ಒಂದು ಪೈಪು ತೋರಿಸದೆ ನಿಚೆ ಯಂತ್ರದ ತತ್ತ್ವವನ್ನೇ ಹೇಳಿಬಿಟ್ಟರು. ಈ ಚಿತ್ರದ ಮುಂದೆ ಎಷ್ಟೋ ಸಲ ನಿಂತಿದ್ದೇನೆ, ಒಮ್ಮೆಯೂ ಹಳತು ಅನ್ನಿಸಿಲ್ಲ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಎಳೆಯೂ ಉಂಟು. ಆ ಸಮ್ಮೇಳನದ ಅಧ್ಯಕ್ಷರಾಗಿದ್ದವರು ಹೋಮಿ ಭಾಭಾ. ರಜೆಗೆಂದು ಊರಿಗೆ ಬಂದಿದ್ದಾಗ 1939ರಲ್ಲಿ ಯುದ್ಧ ಶುರುವಾಗಿ, ಕೇಂಬ್ರಿಜ್‌ಗೆ ಮರಳಲಾಗದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ವರ್ಷ ಇದ್ದರಲ್ಲ, ಅವರೇ. ಇನ್ನು ಎರಡು ದಶಕದಲ್ಲಿ ಪರಮಾಣು ಸಮ್ಮಿಲನದ (ಫ್ಯೂಷನ್) ಶಕ್ತಿಯನ್ನೂ ಪಳಗಿಸುತ್ತೇವೆ ಎಂದು ಅಲ್ಲಿ ಭಾಷಣ ಮಾಡಿದರು. ಇನ್ನೂ ಆಗಿಲ್ಲ. ಆ ಕಾಲದ ಹುಮ್ಮಸ್ಸು ಅಂಥದು, ಪೋಸ್ಟರ್‌ಗಳ ಬಣ್ಣದಲ್ಲೂ ಅದೇ ಹುಮ್ಮಸ್ಸು. ಸಮ್ಮೇಳನಕ್ಕೆಂದು ಮಾಡಿದ ಸರಣಿಯನ್ನು ಬೇರೆ ಬೇರೆ ಭಾಷೆಗಳಲ್ಲಿ ಅಚ್ಚು ಹಾಕಿಸಿದರು, ಅದರಲ್ಲಿ ಹಿಂದಿಯೂ ಒಂದು.

ಆದರೆ ಇವುಗಳ ಮೇಲೆ 'ಶಾಂತಿಗಾಗಿ ಪರಮಾಣು' ಎಂದು ಬರೆದಿರುವುದನ್ನು ಓದುವಾಗ, ಬರೆಸಿದವರು ಯಾರು ಎಂಬುದೂ ನೆನಪಿರಲಿ. ಜಲಾಂತರ್ಗಾಮಿ, ಬಾಂಬರ್ ವಿಮಾನ, ಕ್ಷಿಪಣಿ ಮಾಡುತ್ತಿದ್ದ ಕಂಪನಿ ಅದು. ಗೋಡೆಗೆ ಹಾಕುವವರು ಇದನ್ನು ಮರೆತು ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಹಾಕಲೇಬಾರದು ಅನ್ನುವವನಲ್ಲ. ನನ್ನ ಗೋಡೆಯ ಮೇಲೂ ಒಂದಿದೆ.

ವಲಸೆ ಬಂದವರೆಲ್ಲ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು ಎಂದು ಮಾರುವವರು ಒಂದೇ ಕಥೆ ಹೊಡೆಯುತ್ತಾರೆ. ಎಲ್ಲರದೂ ಆ ಕಥೆಯಲ್ಲ. ನಿಜಕ್ಕೂ ಓಡಿ ಬರಬೇಕಾಯಿತು ಅಂದರೆ ಜರ್ಮನ್ ವಿನ್ಯಾಸಕಾರ ವಿಲ್ ಬರ್ಟಿನ್. ಹೆಂಡತಿ ಯಹೂದಿ, ನಾಜಿಗಳು ಇವರ ಕೈಯಲ್ಲಿ ತಮ್ಮ ಪ್ರಚಾರದ ಕೆಲಸ ಮಾಡಿಸಲು ನೋಡಿದರು, 1938ರಲ್ಲಿ ದಂಪತಿ ಜರ್ಮನಿ ಬಿಟ್ಟರು. ಜರ್ಮನಿಯ ಹೆಸರಾಂತ ವಿನ್ಯಾಸ ಶಾಲೆ ಬೌಹೌಸ್‌ನಲ್ಲಿ ಕಲಿಸಿದ್ದ ಹರ್ಬರ್ಟ್ ಬಾಯರ್ ಬಂದದ್ದೂ ಅದೇ ವರ್ಷ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ್ದ ಲಿಯೊ ಲಿಯೊನ್ನಿ ಮರುವರ್ಷ ಬಂದರು. ಜೆಕ್ ವಿನ್ಯಾಸಕಾರ ಲಾಡಿಸ್ಲಾವ್ ಸುತ್ನಾರ್ ಅವರದಂತೂ ಬೇರೆಯೇ ಕಥೆ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜೆಕೊಸ್ಲೊವಾಕಿಯಾದ ಮಂಟಪದ ಕೆಲಸಕ್ಕೆಂದು ಬಂದರು. ಅಷ್ಟು ಹೊತ್ತಿಗೆ ದೇಶವೇ ಜರ್ಮನರ ಪಾಲಾಗಿತ್ತು. ವಾಪಸ್ ಹೋಗಲೇ ಇಲ್ಲ. ಅಮೆರಿಕದ ಫೋನ್ ನಂಬರಿನಲ್ಲಿ ಏರಿಯಾ ಕೋಡನ್ನು ಕಂಸದೊಳಗೆ ಬರೆಯುತ್ತೀರಲ್ಲ, ಆ ಉಪಾಯ ಸುತ್ನಾರ್ ಅವರದು ಎನ್ನುತ್ತಾರೆ.

ಇವರಿಗೆ ಕೆಲಸ ಕೊಟ್ಟವರ ಪೈಕಿ ಶಿಕಾಗೊದ ಕಂಟೇನರ್ ಕಾರ್ಪೊರೇಷನ್ ಬಹಳ ಮುಖ್ಯ. ಮಾಡುತ್ತಿದ್ದುದು ರಟ್ಟಿನ ಡಬ್ಬ! ಮುಖ್ಯಸ್ಥ ವಾಲ್ಟರ್ ಪೆಪ್ಕೆ ಮಾತ್ರ ತನ್ನ ಜಾಹೀರಾತಿಗೆ ಬಾಯರ್, ಹರ್ಬರ್ಟ್ ಮ್ಯಾಟರ್, ಕೆಪೆಶ್ ಇಂಥವರನ್ನೇ ಕರೆಯುತ್ತಿದ್ದ. ಆ ಕಂಪನಿಯ ಸಂಗ್ರಹ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಹೊಸಬರು ಎಡವುವ ಜಾಗವೂ ಇದೇ. ನಾನೇ ಎಡವಿದ್ದೇನೆ. ಈ ಹುಚ್ಚು ಹಿಡಿದ ಎರಡನೇ ವರ್ಷ ಒಂದು ಸಂತೆಯಲ್ಲಿ ಬಾಯರ್ ಅವರ 'ಪೋಸ್ಟರ್' ಎಂದು ಚೆಂದದ ಫ್ರೇಮಿನಲ್ಲಿದ್ದದ್ದನ್ನು 300 ಡಾಲರ್ ಕೊಟ್ಟು ತಂದೆ. ತಿಂಗಳು ಕಳೆದ ಮೇಲೆ ಗಾಜು ಒರೆಸೋಣ ಎಂದು ಬಿಚ್ಚಿದರೆ, ಬೆನ್ನಿಗೆ ವಿಸ್ಕಿಯ ಜಾಹೀರಾತು. ಪತ್ರಿಕೆಯಿಂದ ಕಿತ್ತ ಹಾಳೆ! ಒಂದು ಪಕ್ಕ ಹೊಲಿಗೆ ಬಿಚ್ಚಿದ ಗುರುತನ್ನು ಮೌಂಟ್ ರಟ್ಟಿನಿಂದ ಮುಚ್ಚಿದ್ದರು. ಇಪ್ಪತ್ತು ಡಾಲರ್ ಬಾಳದ ಕಾಗದ. ಕಂಟೇನರ್ ಕಾರ್ಪೊರೇಷನ್ ಹಾಕಿಸಿದ್ದರಲ್ಲಿ ಬಹುಪಾಲು ಪತ್ರಿಕೆಯ ಜಾಹೀರಾತೇ ಎಂಬುದು ಆಗ ನನಗೆ ತಿಳಿಯದು. ಆ ಹಾಳೆಯನ್ನು ಎಸೆದಿಲ್ಲ. ಮನೆಗೆ ಬರುವ ಹೊಸಬರಿಗೆ ಅದನ್ನೇ ಮೊದಲು ಕೊಟ್ಟು 'ಇದೇನು ಹೇಳಿ' ಎಂದು ಕೇಳುತ್ತೇನೆ. ಫ್ರೇಮ್ ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಏನೂ ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿಯೊಂದನ್ನು ಕೊಂಡುಕೊಳ್ಳಿ, ಅಕ್ಕಸಾಲಿಗರು ಕಣ್ಣಿಗೆ ಒತ್ತಿಕೊಳ್ಳುವಂಥದು. ಕಣ್ಣು ಪಳಗಲು ಮ್ಯೂಸಿಯಮ್ಮೇ ಬೇಕೆಂದಿಲ್ಲ. ಊರಿಗೆ ಹೋದಾಗ ದೇವರಮನೆಯ ಹಳೇ ಪಟಗಳನ್ನು ಇಳಿಸಿ ನೋಡಿ. ಅಜ್ಜಿಯ ಕಾಲದ ರವಿವರ್ಮ ಪ್ರೆಸ್ಸಿನ ಸರಸ್ವತಿ ಇದ್ದರೆ ಪುಣ್ಯ. ಅದು ಕಲ್ಲಚ್ಚು, ಲಿಥೊದ ಮೂಲ ರೂಪ. ಕೆನ್ನೆಯ ಮೇಲೆ ಭೂತಗನ್ನಡಿ ಇಟ್ಟರೆ ಮರಳು ಚೆಲ್ಲಿದ ಹಾಗೆ ಅಂಕೆಯಿಲ್ಲದ ಕಣಗಳು ಕಾಣುತ್ತವೆ, ಒಂದರಂತೆ ಒಂದಿಲ್ಲ. ಪಕ್ಕದಲ್ಲೇ ಈಚಿನ ಕ್ಯಾಲೆಂಡರಿನ ಲಕ್ಷ್ಮಿಯನ್ನು ಇಟ್ಟುಕೊಳ್ಳಿ. ಸಾಲಾಗಿ ಶಿಸ್ತಿನಲ್ಲಿ ನಿಂತ ಚುಕ್ಕಿಗಳು. ಅರ್ಧ ಗಂಟೆ ಹೀಗೆ ನೋಡಿದವರನ್ನು ಯಾಮಾರಿಸುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ಚುಕ್ಕಿ ಕಂಡ ಕೂಡಲೇ ನಕಲಿ ಎಂದು ಹಾರಬೇಡಿ. 1950ರ ದಶಕದಲ್ಲಿ ಫೋಟೊವನ್ನು ಚುಕ್ಕಿಗಳಾಗಿ ಒಡೆದು ಒತ್ತಬಲ್ಲ ಆಫ್‌ಸೆಟ್ ಅಚ್ಚು ಬಂದಾಗಿತ್ತು. ಪೋಸ್ಟರಿನಲ್ಲಿ ಛಾಯಾಚಿತ್ರ ಬಳಸಿದ್ದರೆ ಆ ಭಾಗದಲ್ಲಿ ಅಸಲಿಯಲ್ಲೂ ಚುಕ್ಕಿ ಇರುತ್ತದೆ. ಮ್ಯಾಟರ್ ಅವರಂತೂ ಛಾಯಾಚಿತ್ರ ಬಿಟ್ಟು ಕೆಲಸ ಮಾಡಿದ್ದೇ ಕಡಿಮೆ. ಒಂದೇ ಬಣ್ಣ ತುಂಬಿದ ಜಾಗದಲ್ಲೂ ಅಕ್ಷರದಲ್ಲೂ ಚುಕ್ಕಿ ಇದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ನೇರಳಾತೀತ ದೀಪ ಹಿಡಿದು ಕಾಗದ ನೀಲಿಯಾಗಿ ಹೊಳೆದರೆ ಹೊಸದು ಎನ್ನುವವರೂ ಇದ್ದಾರೆ. ಆ ಹೊಳಪು ಕೊಡುವ ರಾಸಾಯನಿಕ 1950ರ ಸುಮಾರಿಗೇ ಕಾಗದಕ್ಕೆ ಸೇರಿತು. ಹಾಗಾಗಿ 1930ರ ದಶಕದ ಪೋಸ್ಟರ್ ಹೊಳೆದರೆ ಕೈಬಿಡಿ, 1955ರದ್ದು ಹೊಳೆದರೆ ಅದರಿಂದ ಏನೂ ಹೇಳಲಾಗದು.

ಮುಂದಿನದು ಸ್ಥಿತಿ. ಹರಾಜಿನವರು ಎ, ಬಿ, ಸಿ ಎಂದು ದರ್ಜೆ ಹಾಕುತ್ತಾರೆ. ಅಂಚಿನ ಸಣ್ಣ ಹರಕಿಗೆ ಹೆದರಬೇಡಿ, ಚಿತ್ರದ ನಡುವೆ ಬಣ್ಣ ಹೋಗಿದ್ದರೆ ಮಾತ್ರ ಹಿಂದೆ ಸರಿಯಿರಿ. ಹೆಚ್ಚಿನ ದೊಡ್ಡ ಪೋಸ್ಟರ್‌ಗಳ ಬೆನ್ನಿಗೆ ಬಟ್ಟೆ ಅಂಟಿಸಿರುತ್ತಾರೆ. ಲಿನೆನ್ ಎನ್ನುತ್ತಾರೆ, ಈಗೆಲ್ಲ ಹತ್ತಿಬಟ್ಟೆಯೇ. ಬಟ್ಟೆಗೂ ಪೋಸ್ಟರಿಗೂ ನಡುವೆ ಆಮ್ಲವಿಲ್ಲದ ಇನ್ನೊಂದು ಕಾಗದ, ಅಂಟು ಗೋಧಿಯ ಪಿಷ್ಟದ್ದು. ಗಾಂಧಿನಗರದಲ್ಲಿ ರಾತ್ರೋರಾತ್ರಿ ಗೋಡೆಗೆ ಸಿನಿಮಾ ಪೋಸ್ಟರ್ ಹಚ್ಚುವವರ ಬಕೆಟ್ಟಿನ ಮೈದಾ ಗಂಜಿಯ ದೊಡ್ಡಣ್ಣ ಅನ್ನಿ. ಇದರ ಗುಣ ಎಂದರೆ ನೂರು ವರ್ಷ ಬಿಟ್ಟು ನೀರು ತಾಗಿಸಿದರೂ ಬಿಡಿಸಬಹುದು. ಹೀಗೆ ಮಾಡಿದ್ದರೆ ಬೆಲೆ ಕಡಿಮೆಯಾಗುವುದಿಲ್ಲ. ಬಿಸಿ ಒತ್ತಿ ದಪ್ಪ ರಟ್ಟಿಗೆ ಅಂಟಿಸಿದ್ದರೆ ಮಾತ್ರ ಬೇಡ. ಅದನ್ನು ಬಿಡಿಸಲು ಹೋಗಿ ಚಿತ್ರದ ಮೈಯೇ ಕಿತ್ತು ಬಂದದ್ದನ್ನು ಕಂಡಿದ್ದೇನೆ.

ದುಡ್ಡಿನ ಮಾತು. ನೀವು ಮೆಚ್ಚಿದ ಚಿಪ್ಪಿನ ಪೋಸ್ಟರ್ ಆ ಸರಣಿಯಲ್ಲೇ ಹೆಚ್ಚು ಜನ ಬೆನ್ನು ಹತ್ತಿರುವಂಥದು. ಅಸಲಿ ಬೇಕೆಂದರೆ ಸಾವಿರಾರು ಡಾಲರ್ ಬೇಕು. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸುಮಾರು ನಾಲ್ಕನೇ ಒಂದು ಭಾಗ ಕಮಿಷನ್ ಬೇರೆ ಬೀಳುತ್ತದೆ, ಹೊಸಬರು ಮರೆಯುವ ಲೆಕ್ಕ ಅದು. ಮೊದಲ ಖರೀದಿಗೇ ಅದನ್ನು ಇಟ್ಟುಕೊಳ್ಳಬೇಡಿ. ನಿಚೆ 1958ರ ಹೊತ್ತಿಗೆ ವಿಶ್ವದ ಅನ್ವೇಷಣೆಯ ಮೇಲೆ ಮಾಡಿದ ಇನ್ನೊಂದು ಸರಣಿ ಇದೆ, ಅದನ್ನೂ ನೋಡಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ, ಮೊದಲ ಎರಡು ವರ್ಷ ಗೋಡೆಯನ್ನು ಮರೆತು ಕಪಾಟು ತುಂಬಿಸಿ. ಜನರಲ್ ಡೈನಮಿಕ್ಸ್‌ನ ವಾರ್ಷಿಕ ವರದಿಗಳನ್ನು ವಿನ್ಯಾಸ ಮಾಡಿದವರೂ ನಿಚೆ. 1960ರಲ್ಲಿ ಕಂಪನಿಯ ಚರಿತ್ರೆಯಾಗಿ ಬಂದ 'ಡೈನಮಿಕ್ ಅಮೆರಿಕ' ಎಂಬ ದಪ್ಪ ಪುಸ್ತಕವೂ ಅವರದೇ ಕೈಕೆಲಸ. ಸುತ್ನಾರ್ ಅವರ ನಿಜವಾದ ಪ್ರತಿಭೆ ಇರುವುದು ಪೋಸ್ಟರಿನಲ್ಲಲ್ಲ, ಪೈಪು ನಲ್ಲಿಗಳ ಕೆಟಲಾಗುಗಳಲ್ಲಿ. ಬರ್ಟಿನ್ ಅವರ ಕೈ ನೋಡಬೇಕಾದರೆ ಅಪ್‌ಜಾನ್ ಔಷಧ ಕಂಪನಿ ವೈದ್ಯರಿಗಾಗಿ ತರುತ್ತಿದ್ದ 'ಸ್ಕೋಪ್' ಪತ್ರಿಕೆ ಇದೆ. ಲಿಯೊನ್ನಿ ಕಲಾನಿರ್ದೇಶಕರಾಗಿದ್ದ ಕಾಲದ 'ಫಾರ್ಚೂನ್' ಸಂಚಿಕೆಗಳು ಈಗಲೂ ಪೋಸ್ಟರಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಇವನ್ನು ಕೈಯಲ್ಲಿ ಹಿಡಿದು ತಿರುವಿದವರಿಗೆ ಆ ಕಾಲದ ಕಾಗದ, ಶಾಯಿ, ವಾಸನೆ ಎಲ್ಲ ರೂಢಿಯಾಗುತ್ತದೆ. ಆಮೇಲೆ ನಕಲಿ ಎದುರಿಗೆ ಬಂದರೆ ಕಾರಣ ಹೊಳೆಯುವ ಮೊದಲೇ ಕೈಗೆ ಗೊತ್ತಾಗುತ್ತದೆ. ನೀವು ನ್ಯೂಜೆರ್ಸಿಯಲ್ಲಿ ಇದ್ದೀರಿ, ಹರಾಜಿಗೆ ಮುಂಚಿನ ಪ್ರದರ್ಶನಗಳಿಗೆ ನ್ಯೂಯಾರ್ಕಿಗೆ ಹೋಗಿ ಬನ್ನಿ. ಕೊಳ್ಳದವರಿಗೂ ಬಾಗಿಲು ತೆರೆದಿರುತ್ತದೆ, ಕೇಳಿದರೆ ಹತ್ತಿರದಿಂದ ತೋರಿಸುತ್ತಾರೆ.

ಮೈಸೂರಿನ ಹವೆಯ ಬಗ್ಗೆ ಅಷ್ಟು ಹೆದರಬೇಕಿಲ್ಲ. ಮಂಗಳೂರು, ಕಾರವಾರ ಅಂದಿದ್ದರೆ ಬೇರೆ ಮಾತು. ಆದರೆ ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಗೆ ಹಾಕಬೇಡಿ, ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಪೋಸ್ಟರ್ ಗಾಜಿಗೆ ತಾಗಬಾರದು. ನೇರಳಾತೀತ ತಡೆಯುವ ಅಕ್ರಿಲಿಕ್ ಹಾಕಿಸಿ, ಆದರೂ ಬಿಸಿಲು ಬೀಳುವ ಕಡೆ ಬೇಡ. ಒಮ್ಮೆ ಮಾಸಿದ ಬಣ್ಣ ಯಾವ ಪಂಡಿತ ಬಂದರೂ ಮರಳಿ ಬರುವುದಿಲ್ಲ. ಬಟ್ಟೆ ಅಂಟಿಸಿದ ಪೋಸ್ಟರಿಗೆ ನಮ್ಮ ಕಡೆ ಇನ್ನೊಂದು ಶತ್ರು ಇದೆ. ಹಳೇ ಪುಸ್ತಕದಲ್ಲಿ ಸರಸರ ಓಡುವ ಬೆಳ್ಳಿ ಬಣ್ಣದ ಹುಳಕ್ಕೆ ಗೋಧಿ ಅಂಟೆಂದರೆ ಹಬ್ಬದೂಟ. ನುಸಿಗುಳಿಗೆ ಇಡಬೇಡಿ, ಅದರ ಆವಿ ಕಾಗದಕ್ಕೆ ಒಳ್ಳೆಯದಲ್ಲ. ವರ್ಷಕ್ಕೆರಡು ಸಲ ಇಳಿಸಿ ಬೆನ್ನು ನೋಡಿ. ಯುಗಾದಿಗೆ ಒಮ್ಮೆ, ಆಯುಧಪೂಜೆಗೆ ಒಮ್ಮೆ ಮನೆ ಗುಡಿಸುವಾಗ ನೋಡಿದರೂ ಸಾಕು. ಮತ್ತೆ, ಊರಿನಲ್ಲಿ ಯಾರಾದರೂ ಪ್ರೀತಿಯಿಂದ 'ಲ್ಯಾಮಿನೇಷನ್ ಮಾಡಿಸಿಬಿಡಿ, ಚೆನ್ನಾಗಿರುತ್ತೆ' ಅಂದರೆ ಪೋಸ್ಟರ್ ಎತ್ತಿಕೊಂಡು ಅಲ್ಲಿಂದ ಹೊರಡಿ.

ಒಯ್ಯುವಾಗ ತೆಳು ಕೊಳವೆಗೆ ತುರುಕಬೇಡಿ. ದಪ್ಪ ಕೊಳವೆ ಇರಲಿ, ನಡುವೆ ಆಮ್ಲವಿಲ್ಲದ ತೆಳುಕಾಗದ ಸುತ್ತಿ. ಊರು ತಲುಪಿದ ಮೇಲೆ ಸುರುಳಿಯನ್ನು ಅವಸರದಲ್ಲಿ ಬಿಚ್ಚದೆ ಒಂದು ದಿನ ಹಾಗೇ ಬಿಡಿ.

ಅಂಗಡಿಯವರ ಹತ್ತಿರ ಮತ್ತೊಮ್ಮೆ ಹೋಗುವುದಾದರೆ ಜಗಳ ಬೇಡ. ಅಳತೆಪಟ್ಟಿ ತೆಗೆದು ಅವರೆದುರಿಗೇ ಅಳೆಯಿರಿ, ಕೆಳಗಿನ ಅಂಚಿನಲ್ಲಿ ಅಚ್ಚುಕೂಟದ ಹೆಸರೆಲ್ಲಿ ಎಂದು ಕೇಳಿ. ಬೆಲೆ ತಾನಾಗಿ ಇಳಿಯುತ್ತದೆ. ಮೂವತ್ತು ನಲವತ್ತು ಡಾಲರಿಗೆ ಕೊಟ್ಟರೆ ತಂದು ಮಗುವಿನ ಕೋಣೆಗೆ ಹಾಕಿ, ಚಿತ್ರ ಚಿತ್ರವೇ. ಹಿಂದಿ ಅಕ್ಷರದ ಪೋಸ್ಟರ್ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮಾತ್ರ, ಕೊಳ್ಳುವ ಮುಂಚೆ ನನಗೊಂದು ಫೋಟೊ ಕಳಿಸಿ. ಕೆಳಗಿನ ಅಂಚು ಪೂರ್ತಿ ಕಾಣುವ ಹಾಗೆ.